ಚುಕ್ಕೆಗೆ ಕೊನೆಯ ಸರದಿ: ಆಯಿಲ್ ಪೇಂಟ್‌ನಲ್ಲಿ ಮೊದಲ ಚಿರತೆ

ಚಿರತೆಯ ಚಿತ್ರ ಬರೆಯಲು ಕೂತವರ ಕೈ ಮೊದಲು ಓಡುವುದು ಚುಕ್ಕೆಗಳ ಕಡೆಗೆ. ಚಿರತೆ ಅಂದರೆ ಚುಕ್ಕೆ, ಅಲ್ವಾ? ಆದರೆ ಆಯಿಲ್ ಪೇಂಟ್‌ನಲ್ಲಿ ಅದನ್ನು ಚಿರತೆ ಮಾಡುವುದು ಚುಕ್ಕೆಯ ಕೆಳಗಿರುವ ಮೈ. ಭುಜದ ಉಬ್ಬು, ಕತ್ತಿನ ಕೆಳಗಿನ ನೆರಳು, ಕೆನ್ನೆ ತಿರುಗುವ ಜಾಗ, ಇಷ್ಟು ಸರಿಯಾಗಿ ಬಂದರೆ ಚುಕ್ಕೆ ಹಾಕುವುದು ಸಲೀಸು. ಮೈ ಸಪಾಟಾಗಿದ್ದರೆ ಎಷ್ಟು ಅಂದದ ಚುಕ್ಕೆ ಹಾಕಿದರೂ ಅದು ಚಿರತೆಯ ಚರ್ಮವನ್ನು ಗೋಡೆಗೆ ಹೊಡೆದಂತೆಯೇ ಕಾಣುತ್ತದೆ.

ನಾನು ಪೆನ್ಸಿಲ್‌ನಲ್ಲಿ ನಾಯಿ, ಬೆಕ್ಕು, ಕುದುರೆ ಬಿಡಿಸಿಕೊಂಡು ಇದ್ದವಳು. ಆಯಿಲ್ ಪೇಂಟ್ ಹಿಡಿದದ್ದು ಇತ್ತೀಚೆಗೆ. ಮೊದಲ ಚಿರತೆ ಮುಗಿದಿದೆ, ಎರಡನೆಯದು ಈಸಲ್ ಮೇಲೆ ಒಣಗುತ್ತಿದೆ. ಪಳಗಿದವರು ಒದ್ದೆ ಬಣ್ಣದ ಮೇಲೆ ಒದ್ದೆ ಬಣ್ಣ ಹಚ್ಚಿ ಒಂದೇ ಸಲ ಕೂತು ಚಿತ್ರ ಮುಗಿಸುತ್ತಾರೆ. ಹೊಸಬರಿಗೆ ಅದು ಬೇಡ. ಒಂದು ಪದರ ಹಚ್ಚಿ, ಒಣಗಲು ಬಿಟ್ಟು, ಅದರ ಮೇಲೆ ಇನ್ನೊಂದು ಹಚ್ಚುವ ದಾರಿ ನಿಧಾನ, ಆದರೆ ಸುರಕ್ಷಿತ. ಒಣಗಿದ ಪದರದ ಮೇಲೆ ಹಾಕಿದ ಗೆರೆ ಇಷ್ಟವಾಗದಿದ್ದರೆ ಬಟ್ಟೆಯಲ್ಲಿ ಒರೆಸಿಬಿಡಬಹುದು, ಕೆಳಗಿನದು ಹಾಗೇ ಇರುತ್ತದೆ. ಮೀಸೆ, ಕಣ್ಣಿನ ಹೊಳಪು, ಚುಕ್ಕೆ, ಎಲ್ಲಕ್ಕೂ ಈ ಸೌಕರ್ಯ ಸಿಗುತ್ತದೆ.

ಸಾಮಾನು ಎಷ್ಟು ಬೇಕು

ಅಂಗಡಿಗೆ ಹೋದರೆ ಬಣ್ಣದ ಟ್ಯೂಬ್‌ಗಳ ಸಾಲು ನೋಡಿಯೇ ತಲೆ ತಿರುಗುತ್ತದೆ. ಚಿರತೆಗೆ ಆರು ಸಾಕು: ಟೈಟೇನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಬರ್ನ್ಟ್ ಅಂಬರ್ (ಬೆಚ್ಚನೆಯ ಗಾಢ ಕಂದು), ರಾ ಅಂಬರ್ (ತಣ್ಣನೆಯ ಕಂದು), ಅಲ್ಟ್ರಾಮರೀನ್ ಬ್ಲೂ. ಕಪ್ಪು ಟ್ಯೂಬ್ ಇದ್ದರೆ ಅದು ಡಬ್ಬಿಯಲ್ಲೇ ಇರಲಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಅಂಬರ್ ಸೇರಿಸಿದರೆ ಕಪ್ಪಿಗಿಂತ ಚೆನ್ನಾದ ಕಪ್ಪು ಬರುತ್ತದೆ. ನೀಲಿ ಜಾಸ್ತಿ ಹಾಕಿದರೆ ತಣ್ಣನೆಯ ಕಪ್ಪು, ಅಂಬರ್ ಜಾಸ್ತಿ ಹಾಕಿದರೆ ಬೆಚ್ಚನೆಯ ಕಪ್ಪು. ಈ ಎರಡು ಕಪ್ಪುಗಳು ಮುಂದೆ ಚುಕ್ಕೆಗೆ ಬೇಕಾಗುತ್ತವೆ. ಇನ್ನೊಂದು ವಿಷಯ: ಓಕರ್ ಅನ್ನು ಗಾಢ ಮಾಡಲು ಟ್ಯೂಬಿನ ಕಪ್ಪು ಹಾಕಿದರೆ ಅದು ಪಾಚಿ ಹಸಿರಿಗೆ ತಿರುಗುತ್ತದೆ. ಹಸಿರು ಚಿರತೆ ಯಾರಿಗೂ ಬೇಡ.

ಬ್ರಷ್‌ಗಳಲ್ಲಿ ಹಂದಿ ಕೂದಲಿನ ಗಡಸು ಫಿಲ್ಬರ್ಟ್ (ತುದಿ ದುಂಡಗಿರುವ ಚಪ್ಪಟೆ ಬ್ರಷ್) ಎರಡು ಇರಲಿ, ಒಂದು ದೊಡ್ಡದು, ಒಂದು ಮಧ್ಯಮ. ಮೃದುವಾದ ಸಿಂಥೆಟಿಕ್ ರೌಂಡ್ ಒಂದು. ಮೀಸೆಗೆ ಉದ್ದ ಕೂದಲಿನ ಸಣ್ಣ ಬ್ರಷ್ ಒಂದು, ಅದಕ್ಕೆ ರಿಗ್ಗರ್ ಎನ್ನುತ್ತಾರೆ. ಹಳೆಯದಾಗಿ ತುದಿ ಕೆದರಿದ ಬ್ರಷ್ ಇದ್ದರೆ ಎಸೆಯಬೇಡಿ, ತುಪ್ಪಳ ಮೂಡಿಸಲು ಅದರಷ್ಟು ಒಳ್ಳೆಯ ಸಾಧನ ಇಲ್ಲ. ಬೀಸಣಿಗೆಯ ಹಾಗೆ ಹರಡಿದ ಫ್ಯಾನ್ ಬ್ರಷ್ ಅನ್ನು ಎಲ್ಲರೂ ತುಪ್ಪಳಕ್ಕೆ ಅಂತ ಹೊಗಳುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಎಲ್ಲ ಕೂದಲೂ ಒಂದೇ ಅಂತರದಲ್ಲಿ, ಬಾಚಿದ ಹಾಗೆ ಬೀಳುತ್ತದೆ.

ಕ್ಯಾನ್ವಾಸ್ ಪ್ರೈಮ್ ಆಗಿರಲೇಬೇಕು, ಅಂದರೆ ಅದಕ್ಕೆ ಮೊದಲೇ ಒಂದು ತಳಪದರ ಹಚ್ಚಿರಬೇಕು. ಬರೀ ಬಟ್ಟೆಯ ಮೇಲೆ ಎಣ್ಣೆ ಬಣ್ಣ ಹಚ್ಚಿದರೆ ಎಣ್ಣೆ ನೂಲಿಗೆ ಇಳಿದು, ವರ್ಷಗಳಲ್ಲಿ ಬಟ್ಟೆಯನ್ನೇ ಕೆಡಿಸುತ್ತದೆ. ಅಂಗಡಿಯಲ್ಲಿ ಸಿಗುವ ಬಹುತೇಕ ಕ್ಯಾನ್ವಾಸ್‌ಗೆ ಅಕ್ರಿಲಿಕ್ ಗೆಸ್ಸೋ ಎಂಬ ಬಿಳಿ ತಳಪದರ ಹಚ್ಚಿಯೇ ಇರುತ್ತಾರೆ. ಅಕ್ರಿಲಿಕ್ ಮೇಲೆ ಆಯಿಲ್ ನಿಲ್ಲುತ್ತದೆ, ಆಯಿಲ್ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಇದನ್ನು ನೆನಪಿಡಿ. ಅಳತೆ 16 ಇಂಚು ಅಗಲ, 12 ಇಂಚು ಎತ್ತರ ಇದ್ದರೆ ಕೈಯಾಡಿಸಲು ಜಾಗ ಸಿಗುತ್ತದೆ. ತೀರಾ ಚಿಕ್ಕದರಲ್ಲಿ ಕಣ್ಣು ಬರೆಯುವುದೇ ಕಷ್ಟ.

ಬಣ್ಣ ತೆಳ್ಳಗೆ ಮಾಡಲು ಟರ್ಪೆಂಟೈನ್ ಅಥವಾ ವಾಸನೆ ಇಲ್ಲದ ಥಿನ್ನರ್ ಬಳಸುವಾಗ ಕಿಟಕಿ ತೆರೆದಿಡಿ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಆವಿ ಇಲ್ಲ ಎಂದಲ್ಲ. ಇನ್ನು ಲಿನ್ಸೀಡ್ ಎಣ್ಣೆ, ಅಂದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಎಣ್ಣೆ ಗಾಳಿಯ ಜೊತೆ ಸೇರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಹೊರಗೆ ಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಡಿ.

ಫೋಟೋ, ಆಮೇಲೆ ಚೌಕ

ಒಳ್ಳೆಯ ಫೋಟೋ ಅರ್ಧ ಕೆಲಸ. ಬೆಳಕು ಒಂದು ಪಕ್ಕದಿಂದ ಬಿದ್ದಿರಬೇಕು. ಎದುರಿಂದ ಫ್ಲ್ಯಾಶ್ ಹೊಡೆದ ಫೋಟೋದಲ್ಲಿ ನೆರಳೇ ಇರುವುದಿಲ್ಲ, ಕಣ್ಣು ಬೇರೆ ಹಸಿರಾಗಿ ಉರಿಯುತ್ತಿರುತ್ತದೆ. ಮೊದಲ ಸಲಕ್ಕೆ ತಲೆ ಮತ್ತು ಭುಜ ಎದ್ದು ಕಾಣುವ, ಮಲಗಿದ ಅಥವಾ ಕೂತ ಚಿರತೆ ಸಾಕು. ಓಡುವುದು, ಹಾರುವುದು ಮುಂದೆ ನೋಡೋಣ. ಬೇರೆಯವರು ತೆಗೆದ ಫೋಟೋ ಆದರೆ ಅನುಮತಿ ಕೇಳಿ, ಅಥವಾ ಯಾರು ಬೇಕಾದರೂ ಬಳಸಬಹುದು ಅಂತ ಬಿಟ್ಟಿರುವುದನ್ನು ಆರಿಸಿಕೊಳ್ಳಿ. ಬೆಳಕು ನೆರಳು ನೋಡಲು ಆ ಫೋಟೋದ ಒಂದು ಕಪ್ಪು ಬಿಳುಪು ಪ್ರತಿಯನ್ನೂ ತೆಗೆದಿಟ್ಟುಕೊಳ್ಳಿ.

ಫೋಟೋವನ್ನು 8 ಇಂಚು ಅಗಲ, 6 ಇಂಚು ಎತ್ತರಕ್ಕೆ ಪ್ರಿಂಟ್ ಮಾಡಿಸಿ, ಮೇಲೆ ಒಂದೊಂದು ಇಂಚಿನ ಚೌಕ ಎಳೆಯಿರಿ. ಕ್ಯಾನ್ವಾಸ್ ಮೇಲೆ ಎರಡೆರಡು ಇಂಚಿನ ಚೌಕ. ಎರಡರಲ್ಲೂ ಅಡ್ಡಕ್ಕೆ ಎಂಟು, ಉದ್ದಕ್ಕೆ ಆರು ಚೌಕ ಬರುತ್ತವೆ. ಚೌಕ ಹಾಕಿದರೆ ಕಲೆ ಅಲ್ಲ ಎನ್ನುವವರು ಇದ್ದಾರೆ, ಅನ್ನಲಿ. ಕಣ್ಣು ಎರಡು ಮಿಲಿಮೀಟರ್ ಆಚೀಚೆ ಆದರೂ ಮುಖ ಕೆಡುತ್ತದೆ. ಬಣ್ಣದ ಜೊತೆ ಗುದ್ದಾಡುವಾಗ ಅಳತೆಯ ಚಿಂತೆಯೂ ಯಾಕೆ?

ಬಿಡಿಸಲು ಇದ್ದಿಲ ಕಡ್ಡಿ ಒಳ್ಳೆಯದು, ಪೆನ್ಸಿಲ್ ಗೆರೆ ತೆಳು ಬಣ್ಣದಡಿಯಿಂದ ಇಣುಕಬಹುದು. ಹೊರ ಆಕಾರ, ಕಣ್ಣು, ಮೂಗು, ಬಾಯಿ, ಕಿವಿ, ನೆರಳು ಶುರುವಾಗುವ ಗಡಿ, ಇಷ್ಟೇ ಬಿಡಿಸಿ. ಚುಕ್ಕೆ ಒಂದೂ ಬೇಡ. ಈ ಗೆರೆಯ ಮೇಲೆ ತೆಳು ಬರ್ನ್ಟ್ ಅಂಬರ್‌ನಲ್ಲಿ ಇನ್ನೊಮ್ಮೆ ಗೆರೆ ಎಳೆದು, ಅದು ಒಣಗಿದ ಮೇಲೆ ಇದ್ದಿಲ ಪುಡಿ ಮತ್ತು ಚೌಕ ಎರಡನ್ನೂ ಒಣ ಬಟ್ಟೆಯಿಂದ ಕೊಡವಿ ತೆಗೆಯಿರಿ. ಪುಡಿ ಉಳಿದರೆ ಮೇಲಿನ ಬಣ್ಣ ಕೊಳೆಯಾಗುತ್ತದೆ.

ಕಂದು ಚಿರತೆ

ಮೊದಲ ಪದರಕ್ಕೆ ಬಣ್ಣ ಒಂದೇ, ಬರ್ನ್ಟ್ ಅಂಬರ್. ಅದನ್ನು ಥಿನ್ನರ್‌ನಲ್ಲಿ ತೆಳ್ಳಗೆ ಮಾಡಿ ಇಡೀ ಪ್ರಾಣಿಗೆ ಹಚ್ಚಿ. ಬೆಳಕು ಬಿದ್ದ ಜಾಗವನ್ನು ಬಟ್ಟೆಯಿಂದ ಒರೆಸಿ ಬಿಳಿ ಹೊರತೆಗೆಯಿರಿ. ನೆರಳಿರುವ ಕಡೆ ಇನ್ನೊಂದಿಷ್ಟು ಹಚ್ಚಿ. ಕಣ್ಣು ಅರ್ಧ ಮುಚ್ಚಿ ಫೋಟೋ ನೋಡಿದರೆ ಸಣ್ಣ ವಿವರ ಮಾಯವಾಗಿ ಬೆಳಕು ಮತ್ತು ನೆರಳಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಬರೆಯಬೇಕಾದ್ದು ಅವನ್ನೇ. ಚುಕ್ಕೆ ತುಂಬಿದ ಮೈಯಲ್ಲಿ ಇದು ಸ್ವಲ್ಪ ಕಷ್ಟ. ಕಣ್ಣು ಚುಕ್ಕೆಯ ಕಪ್ಪನ್ನೂ ನೆರಳು ಅಂತಲೇ ಲೆಕ್ಕ ಹಾಕುತ್ತದೆ. ಅದಕ್ಕೆ ಚುಕ್ಕೆಗಳ ನಡುವಿನ ಹಳದಿ ಜಾಗವನ್ನು ಮಾತ್ರ ಹೋಲಿಸುತ್ತಾ ಹೋಗಿ: ಬೆನ್ನಿನ ಹಳದಿ ಎಷ್ಟು ತಿಳಿ, ಪಕ್ಕೆಯ ಹಳದಿ ಎಷ್ಟು ಗಾಢ, ಹೊಟ್ಟೆಯ ಬಿಳಿ ಎಷ್ಟು ಮಂಕು.

ಇಲ್ಲಿಗೆ ನಿಮ್ಮೆದುರು ಚುಕ್ಕೆ ಇಲ್ಲದ ಒಂದು ಕಂದು ಪ್ರಾಣಿ ಇರುತ್ತದೆ. ನಮ್ಮ ಮನೆಯಲ್ಲಿ ಅದನ್ನು ನೋಡಿ "ಸಿಂಹಿಣಿ ಚೆನ್ನಾಗಿದೆ" ಅಂದರು. ನನಗೆ ಖುಷಿಯೇ ಆಯಿತು. ಸಿಂಹಿಣಿಯ ಹಾಗೆ ಕಂಡಿತು ಅಂದರೆ ಮೈ ಸರಿಯಾಗಿ ಬಂದಿದೆ ಎಂದರ್ಥ.

ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ತೆಳು ಪದರಕ್ಕೆ ಒಂದೆರಡು ದಿನ ಸಾಕು. ಬಿಳಿ ಬೆರೆಸಿದ ದಪ್ಪ ಪದರಕ್ಕೆ ಒಂದು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಎಣ್ಣೆ ಬಣ್ಣ ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಆದ್ದರಿಂದ ಗಾಳಿ, ಬೆಳಕು ಇರುವ ಕೋಣೆಯಲ್ಲಿಡಿ. ಕತ್ತಲ ಮೂಲೆಯಲ್ಲಿಟ್ಟರೆ ಲಿನ್ಸೀಡ್ ಎಣ್ಣೆ ಹಳದಿಯಾಗುತ್ತದೆ.

ಪದರಗಳಿಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಎಣ್ಣೆ ಜಾಸ್ತಿ. ಎಣ್ಣೆ ಕಡಿಮೆ ಇರುವ ಪದರ ಬೇಗ ಒಣಗಿ ಬಿಗಿಯಾಗುತ್ತದೆ, ಎಣ್ಣೆ ಇರುವುದು ನಿಧಾನಕ್ಕೆ ಒಣಗಿ ಬಾಗುವ ಗುಣ ಉಳಿಸಿಕೊಳ್ಳುತ್ತದೆ. ತಿರುವುಮುರುವಾದರೆ ಮೇಲಿನ ಪದರ ಮೊದಲೇ ಒಣಗಿ, ಕೆಳಗಿನದು ಇನ್ನೂ ಅಲುಗಾಡುತ್ತಾ, ಬಿರುಕು ಬಿಡುತ್ತದೆ. ನಾನು ಮಾಡುವುದು ಇಷ್ಟು: ಮೊದಲ ಪದರಕ್ಕೆ ಥಿನ್ನರ್, ಎರಡನೆಯದಕ್ಕೆ ಟ್ಯೂಬಿನ ಬಣ್ಣ ಹಾಗೆಯೇ, ಕೊನೆಯದಕ್ಕೆ ಒಂದೆರಡು ಹನಿ ಲಿನ್ಸೀಡ್.

ಹಿನ್ನೆಲೆಯನ್ನು ತುಪ್ಪಳಕ್ಕಿಂತ ಮೊದಲು ಹಚ್ಚಿ. ಬೆನ್ನಿನ ಅಂಚಿನ ಕೂದಲು ಹಿನ್ನೆಲೆಯ ಮೇಲೆ ಹಾಯಬೇಕಲ್ಲ, ಅದಕ್ಕೆ. ಅಲ್ಟ್ರಾಮರೀನ್ ಮತ್ತು ಓಕರ್ ಸೇರಿಸಿದರೆ ಮಂಕು ಹಸಿರು ಬರುತ್ತದೆ, ಕಾಡಿಗೆ ಅದೇ ಸಾಕು. ಎಲೆ ಎಲೆ ಬಿಡಿಸುತ್ತಾ ಕೂರಬೇಡಿ.

ಬಣ್ಣ ಮತ್ತು ತುಪ್ಪಳ

ಬೆಳಕಿನ ಭಾಗಕ್ಕೆ ಬಿಳಿ, ಓಕರ್, ಚೂರು ಬರ್ನ್ಟ್ ಸಿಯೆನ್ನಾ. ನಡುವಿನ ಭಾಗಕ್ಕೆ ಬಿಳಿ ತೀರಾ ಕಡಿಮೆ ಮಾಡಿ ಓಕರ್ ಮತ್ತು ಸಿಯೆನ್ನಾ. ನೆರಳಿಗೆ ರಾ ಅಂಬರ್, ಅದಕ್ಕೆ ಸ್ವಲ್ಪ ಅಲ್ಟ್ರಾಮರೀನ್. ಬರೀ ಬಿಳಿ ಸುರಿದು ತಿಳಿ ಮಾಡಿದರೆ ಬಣ್ಣ ಸುಣ್ಣ ಬಳಿದಂತಾಗುತ್ತದೆ, ಬಿಳಿ ಹಾಕಿದಾಗೆಲ್ಲ ಚೂರು ಓಕರ್ ಸೇರಿಸಿ. ಹೊಟ್ಟೆ, ಗಲ್ಲ, ಎದೆಯ ತುಪ್ಪಳ ಬಿಳಿ ಅಂತ ನಮಗೆ ಗೊತ್ತು. ಆದರೆ ಫೋಟೋದಲ್ಲಿ ನೋಡಿ, ನೆರಳಲ್ಲಿರುವ ಆ ಬಿಳಿ ನೀಲಿ ಬೂದಿ ಬಣ್ಣದಲ್ಲಿದೆ, ಬಿಸಿಲಲ್ಲಿರುವ ಬೆನ್ನಿನ ಹಳದಿಗಿಂತ ಗಾಢವಾಗಿದೆ. ಬಿಳಿ, ಅಲ್ಟ್ರಾಮರೀನ್, ಚಿಟಿಕೆ ಅಂಬರ್ ಸೇರಿಸಿ ಆ ಬಣ್ಣ ಮಾಡಿ. ಹೊಸಬರ ಚಿತ್ರದಲ್ಲಿ ಹೊಟ್ಟೆ ಮುಂದಕ್ಕೆ ಹಾರಿ ಬಂದಂತೆ ಕಾಣುವುದು ಅಲ್ಲಿ ಟ್ಯೂಬಿನ ಬಿಳಿ ಹಚ್ಚುವುದರಿಂದ.

ಕೂದಲು ಯಾವ ಕಡೆ ಮಲಗಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ನಾನು ಫೋಟೋದ ಮೇಲೆ ಪಾರದರ್ಶಕ ಹಾಳೆ ಇಟ್ಟು ಬಾಣದ ಗುರುತು ಹಾಕಿಕೊಳ್ಳುತ್ತೇನೆ. ಮೂಗಿನ ಮೇಲೆ ಕೂದಲು ಗಿಡ್ಡ, ಮೂಗಿನಿಂದ ಹಣೆ ಕಡೆಗೆ ಹೋಗುತ್ತದೆ. ಹಣೆಯಲ್ಲಿ ಎರಡೂ ಕಡೆಗೆ ಹರಡುತ್ತದೆ. ಕೆನ್ನೆಯಲ್ಲಿ ಹಿಂದಕ್ಕೆ, ಹೊರಕ್ಕೆ, ಸ್ವಲ್ಪ ಉದ್ದವಾಗಿ. ಬ್ರಷ್ ಕೂಡ ಬುಡದಿಂದ ತುದಿಗೆ ಹೋಗಿ, ತುದಿಯಲ್ಲಿ ಮೇಲೇಳಬೇಕು. ಆಗ ಗೆರೆ ಚೂಪಾಗಿ ಮುಗಿಯುತ್ತದೆ. ಮೈಯಲ್ಲಿ ಮುಂದಿನ ಕೂದಲಿನ ತುದಿ ಹಿಂದಿನ ಕೂದಲಿನ ಬುಡವನ್ನು ಮುಚ್ಚಿರುತ್ತದೆ, ಆದ್ದರಿಂದ ಭುಜದ ಹಿಂಭಾಗದಿಂದ ಶುರು ಮಾಡಿ ಮುಖದ ಕಡೆಗೆ ಬನ್ನಿ.

ಒಂದೊಂದು ಕೂದಲನ್ನೂ ಬರೆಯಲು ಹೋಗಬೇಡಿ. ಪೆನ್ಸಿಲ್‌ನಿಂದ ಬಂದ ನನ್ನಂಥವರಿಗೆ ಈ ಚಟ ಬಿಡುವುದು ಕಷ್ಟ. ಕೆದರಿದ ಬ್ರಷ್‌ನಲ್ಲಿ ಗೊಂಚಲು ಗೊಂಚಲಾಗಿ ಹಚ್ಚಿ. ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿ ಮತ್ತು ಹೊರ ಅಂಚಿನಲ್ಲಿ ಮಾತ್ರ ಬಿಡಿ ಕೂದಲು ಕಾಣಲಿ. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಒಣಗಿದ ಮೇಲೆ ಗಾಢ ಜಾಗಗಳು ಹೊಳಪು ಕಳೆದುಕೊಂಡು ಮಂಕಾಗಿ ಕಂಡರೆ ಗಾಬರಿ ಬೇಡ. ಕೆಳಗಿನ ಪದರ ಎಣ್ಣೆ ಹೀರಿಕೊಂಡಿದೆ, ಅಷ್ಟೇ. ಪೂರ್ತಿ ಒಣಗಿದ್ದರೆ ಅಲ್ಲಿ ಲಿನ್ಸೀಡ್ ಎಣ್ಣೆಯನ್ನು ತೀರಾ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ. ನಿಜವಾದ ಬಣ್ಣ ಮತ್ತೆ ಕಾಣುತ್ತದೆ, ಮುಂದಿನ ಬಣ್ಣ ಬೆರೆಸುವಾಗ ಅಂದಾಜು ತಪ್ಪುವುದಿಲ್ಲ.

ಕಣ್ಣು

ಕಣ್ಣಿನ ಸುತ್ತಲಿನ ಕಪ್ಪು ಚರ್ಮದಿಂದ ಶುರು ಮಾಡಿ. ಮೂಗಿನ ಕಡೆಯ ಮೂಲೆಯಲ್ಲಿ ಆ ಕಪ್ಪು ಚೂಪಾಗಿ ಕೆಳಗಿಳಿಯುತ್ತದೆ. ಕಣ್ಣಿನ ಬಣ್ಣಕ್ಕೆ ಓಕರ್, ಚೂರು ಬಿಳಿ, ಸೂಜಿ ಮೊನೆಯಷ್ಟು ಅಲ್ಟ್ರಾಮರೀನ್ ಸೇರಿಸಿ, ಹಸಿರು ಹಳದಿ ಬರುತ್ತದೆ. ಮೇಲಿನ ಅರ್ಧಕ್ಕೆ ಅದಕ್ಕೇ ರಾ ಅಂಬರ್ ಸೇರಿಸಿ ಗಾಢ ಮಾಡಿ. ಮೇಲಿನ ರೆಪ್ಪೆಯ ನೆರಳು ಕಣ್ಣಿನ ಮೇಲೆ ಬಿದ್ದೇ ಇರುತ್ತದೆ. ಈ ನೆರಳು ಇಲ್ಲದಿದ್ದರೆ ಚಿರತೆ ಬೆಚ್ಚಿಬಿದ್ದಂತೆ ಕಾಣುತ್ತದೆ.

ಪಾಪೆ ದುಂಡಗಿರಲಿ. ಮನೆಯ ಬೆಕ್ಕಿನ ಪಾಪೆ ಬಿಸಿಲಲ್ಲಿ ನೆಟ್ಟಗಿನ ಸೀಳಾಗುತ್ತದೆ, ಚಿರತೆಯದು ಚಿಕ್ಕದಾಗುತ್ತದೆ, ಆದರೆ ದುಂಡಗೇ ಇರುತ್ತದೆ. ಪಾಪೆಯ ಅಂಚನ್ನು ಒಣ ಬ್ರಷ್‌ನಿಂದ ಒಮ್ಮೆ ಮೃದು ಮಾಡಿ. ಈಗ ಬೆಳಕು. ಎಡ ಮೇಲಿಂದ ಬೆಳಕು ಬಂದಿದ್ದರೆ ಹೊಳಪಿನ ಬಿಂದು ಎಡ ಮೇಲ್ಭಾಗದಲ್ಲಿ ಕೂರುತ್ತದೆ, ಅರ್ಧ ಪಾಪೆಯ ಮೇಲೆ, ಅರ್ಧ ಬಣ್ಣದ ಮೇಲೆ. ಆ ಬೆಳಕು ಕಣ್ಣಿನೊಳಗೆ ಹಾದು ಎದುರು ಬದಿಯಲ್ಲಿ, ಅಂದರೆ ಬಲ ಕೆಳಭಾಗದಲ್ಲಿ, ಹಳದಿಯನ್ನು ಬೆಳಗಿಸುತ್ತದೆ. ಕಣ್ಣಿನ ಬಣ್ಣ ಎಲ್ಲಕ್ಕಿಂತ ತಿಳಿಯಾಗಿ ಇರಬೇಕಾದ್ದು ಅಲ್ಲಿ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ, ಕಣ್ಣು ಗುಂಡಿ ಹೊಲಿದಂತೆ ಉಳಿಯುತ್ತದೆ. ಹೊಳಪಿನ ಬಿಂದುವಿಗೆ ಬಿಳಿಯಲ್ಲಿ ನೀಲಿಯ ಸುಳಿವು ಬೆರೆಸಿ, ದಪ್ಪಗೆ ಒಮ್ಮೆ ಇಟ್ಟು ಕೈ ತೆಗೆಯಿರಿ. ಎರಡೂ ಕಣ್ಣಿನಲ್ಲಿ ಅದು ಒಂದೇ ಕಡೆ ಇರಲಿ. ಕಣ್ಣಿನ ಕೆಳಗಿನ ಬಿಳಿ ತುಪ್ಪಳ ಈ ಬಿಂದುವಿಗಿಂತ ಮಂಕಾಗಿರಲೇಬೇಕು.

ಕೊನೆಗೂ ಚುಕ್ಕೆ

ಕೈಯಲ್ಲಿ ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಭುಜದ ಮೇಲಿನ ಒಂದೇ ಒಂದು ಚುಕ್ಕೆ ತೆಗೆದುಕೊಳ್ಳಿ. ಹತ್ತಿರದಿಂದ ನೋಡಿದರೆ ಅದು ಪೂರ್ತಿ ಉಂಗುರ ಅಲ್ಲ. ಮೂರು ನಾಲ್ಕು ಬಿಡಿ ಕಲೆಗಳು ಒಂದು ಜಾಗವನ್ನು ಸುತ್ತುವರಿದಿವೆ, ನಡುವೆ ಸಂದುಗಳಿವೆ. ಒಳಗಿನ ಬಣ್ಣ ಹೊರಗಿನ ತುಪ್ಪಳಕ್ಕಿಂತ ಒಂದು ಚೂರು ಗಾಢ, ಕೆಂಪು ಕಂದು. ಆದ್ದರಿಂದ ಮೊದಲು ಒಳಭಾಗಕ್ಕೆ ಓಕರ್ ಮತ್ತು ಸಿಯೆನ್ನಾವನ್ನು ಲಿನ್ಸೀಡ್ ಹನಿಯಲ್ಲಿ ತೆಳ್ಳಗೆ ಮಾಡಿ ಸವರಿ. ಆಮೇಲೆ ಸುತ್ತಲಿನ ಕಲೆಗಳು. ಬೆಳಕಿರುವ ಕಡೆ ಬೆಚ್ಚನೆಯ ಕಪ್ಪು, ನೆರಳಿರುವ ಕಡೆ ತಣ್ಣನೆಯ ಕಪ್ಪು. ಬ್ರಷ್ ಕೂದಲಿನ ದಿಕ್ಕಿನಲ್ಲೇ ಹೋಗಲಿ. ಬಣ್ಣ ಒದ್ದೆ ಇರುವಾಗಲೇ, ಶುಚಿಯಾದ ಒಣ ಬ್ರಷ್‌ನಿಂದ ಕಲೆಯ ಹಿಂದಿನ ಅಂಚನ್ನು ಹಗುರಾಗಿ ಎಳೆಯಿರಿ, ಅಂಚು ಕೂದಲಾಗಿ ಒಡೆಯುತ್ತದೆ. ಮುಂದಿನ ಅಂಚಿನ ಮೇಲೆ ತುಪ್ಪಳದ ಬಣ್ಣದ ಎರಡು ಮೂರು ಗೆರೆ ಹಾಯಿಸಿ. ಈಗ ಚುಕ್ಕೆ ತುಪ್ಪಳದ ಮೇಲೆ ಅಂಟಿಸಿದಂತಿಲ್ಲ, ತುಪ್ಪಳದೊಳಗೇ ಇದೆ.

ಒಳಗೆ ಸಣ್ಣ ಬೊಟ್ಟು ಇಡುವ ಆಸೆಯಾಗುತ್ತದೆ, ಇಡಬೇಡಿ. ಉಂಗುರದೊಳಗೆ ಬೊಟ್ಟು ಇರುವುದು ಜಾಗ್ವಾರ್‌ಗೆ. ಉಂಗುರವೇ ಇಲ್ಲದೆ ಬರೀ ತುಂಬಿದ ಬೊಟ್ಟು, ಜೊತೆಗೆ ಕಣ್ಣಿನಿಂದ ಬಾಯಿಗೆ ಇಳಿದ ಕಪ್ಪು ಗೆರೆ ಇದ್ದರೆ ಅದು ಚೀತಾ. ಗೊತ್ತಿರುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಚಿರತೆಯ ಮೈಯಲ್ಲೆಲ್ಲ ಉಂಗುರ ಇರುವುದಿಲ್ಲ. ತಲೆ, ಕತ್ತು, ಕಾಲಿನ ಕೆಳಭಾಗ, ಹೊಟ್ಟೆಯಲ್ಲಿ ತುಂಬಿದ ಬೊಟ್ಟು ಇರುತ್ತವೆ. ಹಣೆಯಲ್ಲಿ ತೀರಾ ಸಣ್ಣವು. ಮೈ ತಿರುಗುವ ಅಂಚಿನಲ್ಲಿ ಉಂಗುರಗಳು ಕಿರಿದಾಗಿ, ಚಪ್ಪಟೆಯಾಗಿ, ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಹೂವಿನ ಬಟ್ಟೆಯನ್ನು ದಿಂಬಿಗೆ ಸುತ್ತಿ ನೋಡಿ, ಅಂಚಿನ ಹೂಗಳಿಗೆ ಏನಾಗುತ್ತದೋ ಇಲ್ಲೂ ಅದೇ. ಕೆಳಗಿನ ಮೈಯನ್ನು ಮೊದಲೇ ಮಾಡಿಟ್ಟದ್ದು ಈಗ ಉಪಯೋಗಕ್ಕೆ ಬರುತ್ತದೆ. ಉಬ್ಬು ಎಲ್ಲಿದೆ, ತಿರುವು ಎಲ್ಲಿದೆ ಎಂದು ಕಣ್ಣೆದುರೇ ಇದೆ, ಊಹಿಸಬೇಕಿಲ್ಲ.

ಒಂದೇ ದಿನ ಎಲ್ಲ ಚುಕ್ಕೆ ಮುಗಿಸಲು ಕೂರಬೇಡಿ. ಕೈ ಸೋತಂತೆ ಚುಕ್ಕೆಗಳೆಲ್ಲ ಒಂದೇ ಅಳತೆ, ಒಂದೇ ಅಂತರಕ್ಕೆ ಬರತೊಡಗುತ್ತವೆ. ಮಧ್ಯೆ ಮಧ್ಯೆ ಕನ್ನಡಿಯಲ್ಲಿ ಚಿತ್ರ ನೋಡಿ, ಸಾಲಾಗಿ ನಿಂತ ಚುಕ್ಕೆ ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಒರೆಸಿ, ಇನ್ನೊಮ್ಮೆ ಹಾಕಿ. ದೂರದ ಬೆನ್ನಿನ ಚುಕ್ಕೆಗಳ ಅಂಚು ಮಸುಕಾಗಿಯೇ ಇರಲಿ, ಮುಖದ ಹತ್ತಿರದವು ಮಾತ್ರ ಸ್ಪಷ್ಟ. ಎಲ್ಲ ಚುಕ್ಕೆಯೂ ಅಷ್ಟೇ ಚೂಪಾಗಿದ್ದರೆ ಕಣ್ಣಿನ ಕಡೆ ಯಾರೂ ನೋಡುವುದಿಲ್ಲ.

ಮೀಸೆ ಎಲ್ಲಕ್ಕಿಂತ ಕೊನೆಗೆ. ಮೇಲ್ತುಟಿಯ ಮೇಲೆ ಸಾಲಾಗಿ ಸಣ್ಣ ಕಪ್ಪು ಗುರುತುಗಳಿವೆ, ಮೀಸೆ ಹೊರಡುವುದು ಅಲ್ಲಿಂದ. ಬಿಳಿಗೆ ಚೂರು ಓಕರ್, ಎಣ್ಣೆ ಹನಿ ಸೇರಿಸಿ ರಿಗ್ಗರ್ ಬ್ರಷ್ ಸರಾಗವಾಗಿ ಓಡುವಷ್ಟು ತೆಳ್ಳಗೆ ಮಾಡಿ. ಮಣಿಕಟ್ಟು ಗಟ್ಟಿಯಾಗಿಟ್ಟು, ಭುಜದಿಂದ ಕೈ ಬೀಸಿ, ಒಂದೇ ಎಳೆತ. ಮೊದಲು ಹಳೆಯ ಹಲಗೆಯ ಮೇಲೆ ಕೈ ಪಳಗಿಸಿಕೊಳ್ಳಿ. ಗೆರೆ ನಡುಗಿದರೆ ಒರೆಸಿ. ತಿದ್ದಿದ ಮೀಸೆ ತಂತಿಯಂತೆ ಕಾಣುತ್ತದೆ.

ಸಹಿಗೂ ಇದೇ ತೆಳು ಬಣ್ಣ ಸಾಕು. ವಾರ್ನಿಷ್‌ಗೆ ಮಾತ್ರ ಕಾಯಬೇಕು. ಮೇಲೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಗಟ್ಟಿಯಾಗುತ್ತಿರುತ್ತದೆ, ಸಾಮಾನ್ಯ ವಾರ್ನಿಷ್‌ಗೆ 6ರಿಂದ 12 ತಿಂಗಳು ಬಿಡುವುದು ರೂಢಿ. ಅಲ್ಲಿಯವರೆಗೆ ಗೋಡೆಗೆ ತೂಗುಹಾಕಿ ನೋಡುತ್ತಿರಬಹುದು, ಧೂಳು ಕೂತರೆ ಮೃದು ಒಣ ಬ್ರಷ್‌ನಿಂದ ಕೊಡವಿ. ವಾರ್ನಿಷ್ ಹಚ್ಚುವ ಮುಂಚೆ ಬಿಳಿ ಬಟ್ಟೆಗೆ ಥಿನ್ನರ್‌ನ ಒಂದು ಹನಿ ತಾಗಿಸಿ, ಮೂಲೆಯ ಗಾಢ ಬಣ್ಣದ ಮೇಲೆ ಹಗುರಾಗಿ ಉಜ್ಜಿ. ಬಟ್ಟೆಗೆ ಬಣ್ಣ ಬಂದರೆ ಇನ್ನೊಂದೆರಡು ತಿಂಗಳು ಬಿಡಿ.